ಮಳೆ ಬಿಟ್ಟ ಮೇಲೆ ಕೊಡಗಿನ ಹಿತ್ತಲು: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಮೂರು ತಿಂಗಳು ಮೋಡದಡಿಯಲ್ಲಿ ಹಸಿರಾಗಿ ನಿಂತಿದ್ದ ಗಿಡ ಸೆಪ್ಟೆಂಬರ್‌ನ ಮೊದಲ ಗಟ್ಟಿ ಬಿಸಿಲಿಗೆ ಜೋತುಬೀಳುತ್ತದೆ. ಮಣ್ಣು ಮುಟ್ಟಿದರೆ ಒದ್ದೆ, ಎಲೆ ಮಾತ್ರ ಬಾಡಿದೆ. ನೀರು ಸಾಲದೇನೋ ಎಂದು ಬಕೆಟ್ ತಂದು ಸುರಿಯುವವರು ಕೆಲವರು, ಗೊಬ್ಬರ ಸಾಲದೇನೋ ಎಂದು ಒಂದು ಹಿಡಿ ಯೂರಿಯಾ ಎರಚುವವರು ಕೆಲವರು. ಎರಡರಲ್ಲಿ ಯಾವುದು ಮಾಡಿದರೂ ಗಿಡ ಬೇಗ ಸಾಯುತ್ತದೆ. ಕೊಡಗಿನಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡು ಬಂದವರು, ಬೆಂಗಳೂರಿನಲ್ಲಿ ನೌಕರಿ ಮುಗಿಸಿ ತೋಟದ ಮನೆಗೆ ಮರಳಿದವರು ವರ್ಷವೂ ಈ ಹೊತ್ತಿಗೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಮಳೆ ಹೋಗುವಾಗ ಮಣ್ಣಿಗೆ ಏನು ಮಾಡಿ ಹೋಗಿದೆ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಈ ಕಾಲದ ಕೆಲಸಗಳಿಗೆ ಒಂದು ಕ್ರಮವಿದೆ: ಮೊದಲು ನಿಂತ ನೀರು ಹೊರಗೆ ಹೋಗಬೇಕು, ಆಮೇಲೆ ಸುಣ್ಣ, ಆಮೇಲೆ ಗೊಬ್ಬರ, ಅದಾದ ಮೇಲೆ ಬೀಜ, ಕೊನೆಗೆ ಮಣ್ಣಿಗೆ ತರಗೆಲೆಯ ಹೊದಿಕೆ. ಈ ಕ್ರಮ ಹಿಂದುಮುಂದಾದರೆ ದುಡ್ಡೂ ದಂಡ, ದುಡಿಮೆಯೂ ದಂಡ.

ಇಲ್ಲಿ ಮಳೆಗಾಲ ಒಂದೇ ದಿನ ಮುಗಿಯುವುದಿಲ್ಲ

ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಂಗಾರು ಅಕ್ಟೋಬರ್‌ನಿಂದ ಎನ್ನುವುದು ಪುಸ್ತಕದ ಲೆಕ್ಕ. ಹಿತ್ತಲಿನ ಲೆಕ್ಕಕ್ಕೆ ಹಬ್ಬಗಳೇ ವಾಸಿ. ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮಣ್ಣಿಗೆ ಕೈ ಹಾಕುವ ಹಾಗೇ ಇಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹೊತ್ತಿಗೆ ನಡುನಡುವೆ ಬಿಸಿಲು ಇಣುಕುತ್ತದೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಸುಮಾರಿಗೆ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಳೆ. ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಹುತ್ತರಿ ಬರುವಷ್ಟರಲ್ಲಿ ಇಬ್ಬನಿ, ಒಣಗಾಳಿ, ಚಳಿ. ಕೈಲ್ ಪೊಳ್ದ್‌ನಿಂದ ಹುತ್ತರಿವರೆಗಿನ ಈ ಸುಮಾರು ಮೂರು ತಿಂಗಳೇ ನಮ್ಮ ವಿಷಯ.

ಜಾಗದಿಂದ ಜಾಗಕ್ಕೆ ವ್ಯತ್ಯಾಸ ದೊಡ್ಡದು. ಭಾಗಮಂಡಲ, ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವದ ಕುಶಾಲನಗರ ಅದಕ್ಕೆ ಹೋಲಿಸಿದರೆ ಒಣಪ್ರದೇಶ. ಹಾಗಾಗಿ ಮುಂದೆ ಹೇಳುವ ದಿನಾಂಕಗಳನ್ನು ಕುಶಾಲನಗರದವರು ಎರಡು ಮೂರು ವಾರ ಹಿಂದಕ್ಕೆ ತಂದುಕೊಳ್ಳಬಹುದು, ಭಾಗಮಂಡಲದವರು ಒಂದಿಷ್ಟು ಮುಂದಕ್ಕೆ ಹಾಕಿದರೆ ಒಳ್ಳೆಯದು.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. 10 ಅಡಿಗೆ 10 ಅಡಿ ಇರುವ ಸಣ್ಣ ತರಕಾರಿ ಪಾತಿಯ ಮೇಲೆ 3,000 ಮಿಲಿಮೀಟರ್ ಸುರಿದರೆ ಸುಮಾರು 28 ಸಾವಿರ ಲೀಟರ್ ಆಯಿತು. ಅದರಲ್ಲಿ ಬಹುಪಾಲು ಬೀಳುವುದು ಮುಂಗಾರಿನ ನಾಲ್ಕು ತಿಂಗಳಲ್ಲೇ.

ಒದ್ದೆ ಮಣ್ಣಿನಲ್ಲಿ ಗಿಡ ಬಾಡುವುದೇಕೆ?

ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಆ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಗಾಳಿಗೆ ಜಾಗವಿಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರು ಹೀರುವ ಕೂದಲಿನಂಥ ಎಳೆ ಬೇರುಗಳು ಮೊದಲು ಸಾಯುತ್ತವೆ. ಸತ್ತ ಬೇರಿಗೆ ಕೊಳೆಸುವ ರೋಗಾಣುಗಳು ಹತ್ತಿಕೊಳ್ಳುತ್ತವೆ.

ಮಳೆಗಾಲ ಪೂರ್ತಿ ಇದು ಕಣ್ಣಿಗೆ ಬೀಳುವುದಿಲ್ಲ. ಮಂಜು ಮುಸುಕಿದ ದಿನಗಳಲ್ಲಿ ಎಲೆಯಿಂದ ಆವಿಯಾಗುವ ನೀರು ಅತ್ಯಲ್ಪ, ಅರ್ಧ ಬೇರು ಹೋಗಿದ್ದರೂ ಗಿಡದ ಸಂಸಾರ ಹೇಗೋ ತೂಗುತ್ತದೆ. ಬಿಸಿಲು ಬಂದ ದಿನ ಎಲೆ ಒಮ್ಮೆಲೇ ನೀರು ಕೇಳುತ್ತದೆ, ಕೊಡಲು ಬೇರಿಲ್ಲ.

ಪರೀಕ್ಷೆ ಸುಲಭ. ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ನಾಲ್ಕು ಅಂಗುಲ ಅಗೆದು ಒಂದು ಎಳೆ ಬೇರು ಹಿಡಿದು ಎಳೆಯಿರಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಬೇರಿಗೆ ಜೀವವಿದೆ. ಕಂದು ಬಣ್ಣವಿದ್ದು, ಮೇಲಿನ ಸಿಪ್ಪೆ ಕಳಚಿ ಬೆರಳಿಗೆ ಬಂದು ಒಳಗೆ ದಾರದಂಥ ನಾರು ಮಾತ್ರ ಉಳಿದರೆ ಬೇರು ಕೊಳೆತಿದೆ. ಮಣ್ಣಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರಂತೂ ಗಾಳಿಯಾಡಿ ಬಹಳ ದಿನವಾಯಿತು ಎಂದೇ ಅರ್ಥ.

ಇಂಥ ಗಿಡಕ್ಕೆ ನೀರು ಬೇಡ, ಗೊಬ್ಬರವೂ ಬೇಡ. ಪಕ್ಕದಲ್ಲಿ ಸಣ್ಣ ಕಾಲುವೆ ಎಳೆದು ನೀರು ಬಸಿಯಲು ಬಿಡಿ. ಮೂರನೇ ಒಂದು ಪಾಲು ಎಲೆ ಸವರಿ ಭಾರ ಇಳಿಸಿ. ಹತ್ತು ಹದಿನೈದು ದಿನ ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆಯನ್ನೋ ಹಳೆಯ ಪಂಚೆಯನ್ನೋ ಕಟ್ಟಿ. ಹೊಸ ಚಿಗುರು ಕಂಡ ಮೇಲೆ ಗೊಬ್ಬರದ ಮಾತು. ಹೂಕುಂಡದ ಗಿಡವಾದರೆ ಕುಂಡ ಎತ್ತಿ ತಳದ ತೂತು ನೋಡಿ, ಹತ್ತರಲ್ಲಿ ಎಂಟು ಸಲ ಅಲ್ಲಿ ಮಣ್ಣು ಕಟ್ಟಿಕೊಂಡಿರುತ್ತದೆ. ಕೆಳಗಿಟ್ಟ ತಟ್ಟೆಯನ್ನು ತೆಗೆದುಬಿಡಿ, ಅದರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದೂ ತಪ್ಪುತ್ತದೆ.

ಬರೆ ಮತ್ತು ಚರಂಡಿ

ಗಿಡಕ್ಕಿಂತ ಮೊದಲು ನೋಡಬೇಕಾದದ್ದು ಮನೆಯ ಹಿಂದಿನ ಬರೆ, ಅಂದರೆ ಗುಡ್ಡ ಕಡಿದು ಮಟ್ಟ ಮಾಡಿದಾಗ ನಿಲ್ಲುವ ಮಣ್ಣಿನ ಗೋಡೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಹೊಸಬರಿಗಾಗಿ ಹೇಳುತ್ತಿದ್ದೇನೆ. ನೀರು ಕುಡಿದ ಮಣ್ಣಿಗೆ ತೂಕ ಹೆಚ್ಚು, ಹಿಡಿತ ಕಡಿಮೆ. ಮಳೆ ನಿಂತ ಮೇಲೂ ಒಳಗಿನ ನೀರು ಬಸಿಯಲು ವಾರಗಳು ಬೇಕು. ಬರೆಯ ಮೇಲಂಚಿನಲ್ಲಿ ಬಿಲ್ಲಿನಾಕಾರದ ಬಿರುಕು, ನೆಟ್ಟಗಿದ್ದ ಮರ ಅಥವಾ ಬೇಲಿಗೂಟ ಇದ್ದಕ್ಕಿದ್ದಂತೆ ವಾಲಿರುವುದು, ಎಂದೂ ಇಲ್ಲದ ಕಡೆ ಕೆಸರು ನೀರು ಜಿನುಗುವುದು ಕಂಡರೆ ಅಲ್ಲಿ ತೋಟಗಾರಿಕೆ ನಿಲ್ಲಿಸಿ ಪಂಚಾಯಿತಿಗೋ ಪುರಸಭೆಗೋ ತಿಳಿಸಬೇಕು.

ಕಾಫಿ ತೋಟಗಳಲ್ಲಿ ಮಳೆ ತಗ್ಗಿದ ಮೇಲೆ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತಾರೆ. ಹರಿದು ಹೋಗುವ ನೀರನ್ನೂ ಮೇಲ್ಮಣ್ಣನ್ನೂ ಹಿಡಿದಿಡುವ ಉದ್ದನೆಯ ಗುಂಡಿಗಳಿವು. ಇಳಿಜಾರು ತೋಟಕ್ಕೆ ಅದು ಸರಿ. ಅದನ್ನೇ ನೋಡಿ ಮನೆಯ ಹಿಂದಿನ ಬರೆಯ ತಲೆಯ ಮೇಲೆ ಗುಂಡಿ ತೆಗೆದರೆ ನೀರು ನೇರ ಬರೆಯೊಳಗೆ ಇಳಿಯುತ್ತದೆ. ಅಲ್ಲಿ ಬೇಕಾದದ್ದು ನೀರನ್ನು ಪಕ್ಕಕ್ಕೆ ಸಾಗಿಸುವ ಚರಂಡಿ. ಬರೆಯ ಮೈಗೆ ಲಾವಂಚ ನೆಡಲು ಸೆಪ್ಟೆಂಬರ್ ಒಳ್ಳೆಯ ಕಾಲ, ಆಳಕ್ಕಿಳಿಯುವ ಅದರ ಬೇರು ಮಣ್ಣನ್ನು ಕಟ್ಟಿಹಾಕುತ್ತದೆ. ಈಗಾಗಲೇ ಜಾರತೊಡಗಿದ ಬರೆಯನ್ನು ಮಾತ್ರ ಯಾವ ಹುಲ್ಲೂ ನಿಲ್ಲಿಸದು.

ಮಣ್ಣು ಹುಳಿಯಾಗುವುದು ಎಂದರೇನು?

ಗಿಡಕ್ಕೆ ಬೇಕಾದ ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಷ್ ಇವೆಲ್ಲ ಜೇಡಿಕಣ ಮತ್ತು ಕೊಳೆತ ಎಲೆಮಣ್ಣಿನ ಮೈಗೆ ಅಂಟಿಕೊಂಡಿರುತ್ತವೆ. ಫಿಲ್ಟರಿನಲ್ಲಿರುವ ಅದೇ ಕಾಫಿಪುಡಿಗೆ ಮತ್ತೆ ಮತ್ತೆ ಬಿಸಿನೀರು ಸುರಿದರೆ ಡಿಕಾಕ್ಷನ್ ಹೇಗೆ ತೆಳ್ಳಗಾಗುತ್ತ ಹೋಗುತ್ತದೋ ಹಾಗೆ, ಪ್ರತಿ ಮಳೆಗೂ ಇವು ಒಂದಿಷ್ಟು ಬಿಡಿಸಿಕೊಂಡು ಬೇರಿಗೆ ಸಿಗದ ಆಳಕ್ಕೆ ಇಳಿಯುತ್ತವೆ. ಖಾಲಿಯಾದ ಜಾಗದಲ್ಲಿ ಆಮ್ಲದ ಅಂಶ ಕೂರುತ್ತದೆ. ಇದನ್ನೇ ಮಣ್ಣು ಹುಳಿಯಾಗುವುದು ಎನ್ನುತ್ತೇವೆ. ಅಳೆಯುವ ಮಾಪಕಕ್ಕೆ ರಸಸಾರ ಅಥವಾ ಪಿಎಚ್ ಎಂದು ಹೆಸರು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿದಂತೆ, ಆದ್ದರಿಂದ 6 ಮತ್ತು 5ರ ನಡುವಿನ ವ್ಯತ್ಯಾಸ ಸಣ್ಣದಲ್ಲ.

ತರಕಾರಿಗಳಲ್ಲಿ ಹೆಚ್ಚಿನವು ಇಷ್ಟಪಡುವುದು 6ರಿಂದ 6.8ರ ನಡುವೆ. 5.5ಕ್ಕಿಂತ ಕೆಳಗೆ ಹೋದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ರಂಜಕ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಸೇರಿ ಗಿಡದ ಕೈಗೆ ಸಿಗದಂತಾಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಮೇಲೇಳದ ಪಾತಿಗಳ ಗುಟ್ಟು ಬಹಳ ಸಲ ಇದೇ.

ಮಡಿಕೇರಿಯ ಮನೆಯಂಗಳದಲ್ಲಿ ಇದನ್ನು ಕಣ್ಣಾರೆ ತೋರಿಸುವ ಗಿಡವೊಂದಿದೆ: ಹೈಡ್ರಾಂಜಿಯ. ಹುಳಿ ಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ ಹೂವಿನ ಬಣ್ಣದ ಜೊತೆ ಕೂಡಿದಾಗ ಗೊಂಚಲು ನೀಲಿಯಾಗುತ್ತದೆ, ಹುಳಿ ಕಡಿಮೆಯಿದ್ದಲ್ಲಿ ಗುಲಾಬಿಯಾಗುತ್ತದೆ. ಅಂಗಳದ ನಡುವೆ ನೀಲಿ ಹೂ ಬಿಡುವ ಅದೇ ತಳಿಯ ರೆಂಬೆಯನ್ನು ಸಿಮೆಂಟ್ ಗೋಡೆಯ ಬುಡಕ್ಕೆ ನೆಟ್ಟರೆ ಗುಲಾಬಿಗೋ ನೇರಳೆಗೋ ತಿರುಗುವುದುಂಟು, ಗೋಡೆಯಿಂದ ತೊಳೆದು ಬರುವ ಸುಣ್ಣದಂಶ ಅಲ್ಲಿ ಹುಳಿ ಇಳಿಸಿರುತ್ತದೆ. ಬಿಳಿ ಹೂವಿನ ತಳಿಗೆ ಈ ಬಣ್ಣದಾಟ ಇಲ್ಲ. ಕಡು ನೀಲಿ ಹೂವಿನ ಪಕ್ಕ ಕೋಸು ನೆಡುವ ಮನಸ್ಸಿದ್ದರೆ ಅಲ್ಲಿಗೆ ಸುಣ್ಣ ಬೇಕು ಎಂದು ಮೊದಲೇ ಊಹಿಸಬಹುದು.

ಊಹೆಗಿಂತ ಪರೀಕ್ಷೆ ಮೇಲು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಬಹುದು. ಪಾತಿಯ ಐದಾರು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋದಷ್ಟು ಕೊಟ್ಟರೆ ಸಾಕು. ಇತ್ತೀಚೆಗೆ ಗೊಬ್ಬರ ಬಿದ್ದ ಜಾಗದ ಮಣ್ಣು ಬೇಡ.

ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಅಂತರ ಏಕೆ?

ಸುಣ್ಣ ಎಂದರೆ ಇಲ್ಲಿ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಪುಡಿ. ಗೋಡೆಗೆ ಹೊಡೆಯಲು ತರುವ ಸುಟ್ಟ ಸುಣ್ಣ ಬೇರನ್ನೂ ಎರೆಹುಳುವನ್ನೂ ಸುಡುತ್ತದೆ. ಪರೀಕ್ಷೆ ಮಾಡಿಸಿಲ್ಲವಾದರೆ ಚದರ ಮೀಟರಿಗೆ 100ರಿಂದ 150 ಗ್ರಾಂ ಮೀರದಿರುವುದು ಕ್ಷೇಮ. ಸೆಪ್ಟೆಂಬರ್ ಕೊನೆಗೆ, ಜಡಿಮಳೆ ನಿಂತು ಮಣ್ಣು ಹಸಿಯಾಗಿರುವಾಗಲೇ ಎರಚಿ ಮೇಲ್ಮಣ್ಣಿಗೆ ಬೆರೆಸಬೇಕು. ಪೂರ್ತಿ ಒಣಗಿದ ಮಣ್ಣಿನಲ್ಲಿ ಸುಣ್ಣ ಕೆಲಸ ಮಾಡದು, ಜಡಿಮಳೆಯಲ್ಲಿ ಹಾಕಿದರೆ ಕೊಚ್ಚಿಹೋಗುತ್ತದೆ.

ಸುಣ್ಣದ ಜೊತೆಗೇ ಯೂರಿಯಾ, ಹಸಿ ಸಗಣಿ, ಕೋಳಿಗೊಬ್ಬರ ಹಾಕಿದರೆ ಅವುಗಳಲ್ಲಿರುವ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತದೆ. ಮೂಗಿಗೆ ಬಡಿಯುವ ಆ ಘಾಟೇ ನಾವು ಕೊಟ್ಟ ದುಡ್ಡು. ಎರಡರಿಂದ ಮೂರು ವಾರ ಬಿಟ್ಟು ಗೊಬ್ಬರ ಕೊಡಿ. ಹೈಡ್ರಾಂಜಿಯ, ಅಜೇಲಿಯಾ, ಜರಿಗಿಡಗಳ ಹತ್ತಿರ ಸುಣ್ಣ ತರಲೇಬೇಡಿ, ಅವಕ್ಕೆ ಹುಳಿ ಮಣ್ಣೇ ಬೇಕು.

ಬಚ್ಚಲೊಲೆಯ ಬೂದಿಯೂ ಒಂದು ಬಗೆಯ ಸುಣ್ಣವೇ, ಜೊತೆಗೆ ಪೊಟ್ಯಾಷ್ ಬೇರೆ. ಆದರೆ ಆ ಪೊಟ್ಯಾಷ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಮಳೆಗಾಲವಿಡೀ ಹಿತ್ತಲ ಮೂಲೆಯಲ್ಲಿ ನೆನೆದ ಬೂದಿರಾಶಿಯಲ್ಲಿ ಉಳಿದಿರುವುದು ಬಹುಪಾಲು ಸುಣ್ಣದಂಶ ಮಾತ್ರ. ಹಾಗಾಗಿ ಜೂನ್‌ನಿಂದಲೇ ಬೂದಿಯನ್ನು ಹಳೆಯ ಡ್ರಮ್ಮಿನಲ್ಲಿ ಮುಚ್ಚಿಡುವ ಮನೆಗಳಿಗೆ ಅಕ್ಟೋಬರ್‌ನಲ್ಲಿ ಒಳ್ಳೆಯ ಗೊಬ್ಬರ ಬಿಟ್ಟಿ ಸಿಗುತ್ತದೆ. ಪ್ಲಾಸ್ಟಿಕ್ ಉರಿಸಿದ ಬೂದಿ ಪಾತಿಗೆ ಬೇಡವೇ ಬೇಡ.

ಬಿಸಿಲು ಜಾಗ ಬದಲಿಸುತ್ತದೆ

ಪಾತಿ ಎಲ್ಲಿ ಮಾಡಬೇಕು ಎಂಬುದನ್ನು ಜೂನ್‌ನ ಬಿಸಿಲು ನೋಡಿ ತೀರ್ಮಾನಿಸಿದರೆ ಡಿಸೆಂಬರ್‌ನಲ್ಲಿ ಪಶ್ಚಾತ್ತಾಪ. ಮಡಿಕೇರಿ ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆಗಸ್ಟ್ 20ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆಟ್ಟ ನೆತ್ತಿಯ ಮೇಲೆ. ಅಲ್ಲಿಂದ ದಿನದಿನವೂ ದಕ್ಷಿಣಕ್ಕೆ ಸರಿದು ಡಿಸೆಂಬರ್ 21ರ ಹೊತ್ತಿಗೆ ನೆತ್ತಿಯಿಂದ ಸುಮಾರು 36 ಡಿಗ್ರಿ ವಾಲಿರುತ್ತದೆ. ಆಗ ನಡುಮಧ್ಯಾಹ್ನದಲ್ಲೂ 10 ಅಡಿ ಗೋಡೆಯ ನೆರಳು ಉತ್ತರಕ್ಕೆ 7 ಅಡಿಗೂ ಹೆಚ್ಚು ಚಾಚುತ್ತದೆ. ತರಕಾರಿ ಪಾತಿ ಮನೆಯ ದಕ್ಷಿಣಕ್ಕೋ ಪೂರ್ವಕ್ಕೋ ಇರಲಿ. ಉತ್ತರದ ನೆರಳು ಆಂಥೂರಿಯಂ, ಜರಿಗಿಡಗಳಿಗೆ ಹೇಳಿ ಮಾಡಿಸಿದ್ದು.

ಏನು, ಯಾವಾಗ ನೆಡಬೇಕು?

ಕೋಸು, ಹೂಕೋಸು, ನವಿಲುಕೋಸಿನ ಬೀಜವನ್ನು ಸೆಪ್ಟೆಂಬರ್ ಮಧ್ಯದಲ್ಲಿ ಮಳೆ ತಾಗದ ಜಗಲಿಯಲ್ಲಿ ಟ್ರೇಗೆ ಹಾಕಿದರೆ ನಾಲ್ಕು ವಾರಕ್ಕೆ, ತುಲಾ ಸಂಕ್ರಮಣದ ಹೊತ್ತಿಗೆ, ಸಸಿ ಸಿದ್ಧ. ಮೂಲಂಗಿ, ಕ್ಯಾರೆಟ್, ಬೀಟ್ರೂಟ್, ಬೀನ್ಸ್, ಬಟಾಣಿಗಳನ್ನು ಅಕ್ಟೋಬರ್‌ನಲ್ಲಿ ನೇರ ಪಾತಿಗೇ ಬಿತ್ತುವುದು. ಗುಡುಗು ಮಳೆ ಇನ್ನೂ ಬಾಕಿ ಇರುವುದರಿಂದ ಪಾತಿ ಅರ್ಧ ಅಡಿ ಎತ್ತರವಿರಬೇಕು.

ಟೊಮೆಟೊ, ಬದನೆ, ಮೆಣಸಿನಕಾಯಿ ವಿಚಾರದಲ್ಲಿ ಒಂದು ಎಚ್ಚರ. ಕಳೆದ ಮಳೆಯಲ್ಲಿ ಶುಂಠಿ ಸೊರಗಿ ಸತ್ತ ಜಾಗದಲ್ಲಿ ಇವನ್ನು ನೆಡಬೇಡಿ. ದುಂಡಾಣು ಸೊರಗು ರೋಗ ತರುವ ಸೂಕ್ಷ್ಮಾಣು ಶುಂಠಿಗೂ ಈ ಗಿಡಗಳಿಗೂ ಹತ್ತುವಂಥದ್ದು, ಮಣ್ಣಿನಲ್ಲೇ ಉಳಿದುಕೊಳ್ಳುತ್ತದೆ. ಹಸಿರಾಗಿದ್ದ ಟೊಮೆಟೊ ಗಿಡ ಹಳದಿಯಾಗದೆ ಏಕಾಏಕಿ ಬಾಡಿತೇ? ಬುಡದ ಕಾಂಡದಿಂದ ಎರಡು ಅಂಗುಲದ ತುಂಡು ಕತ್ತರಿಸಿ, ತುದಿ ಮಾತ್ರ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಅಲುಗಾಡಿಸದೆ ಕೆಲವು ನಿಮಿಷ ಕಾದರೆ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುವುದು ಕಾಣುತ್ತದೆ. ಕಂಡರೆ ರೋಗ ಖಚಿತ. ಮದ್ದಿಲ್ಲ, ಗಿಡವನ್ನು ಬೇರುಸಹಿತ ಕಿತ್ತು ಸುಡುವುದೇ ದಾರಿ. ಅದನ್ನು ಗೊಬ್ಬರಗುಂಡಿಗೆ ಎಸೆದರೆ ಮುಂದಿನ ವರ್ಷ ಗೊಬ್ಬರದ ಜೊತೆ ರೋಗವನ್ನೂ ಹಂಚಿದಂತಾಗುತ್ತದೆ.

ಬಸವನ ಹುಳು, ಕೊಳೆ, ಬೂದಿ

ಬೆಳಗ್ಗೆ ಎದ್ದು ನೋಡಿದರೆ ಎಳೆ ಸಸಿ ಮಾಯ, ನೆಲದ ಮೇಲೆ ಒಣಗಿದ ಬೆಳ್ಳಿ ಬಣ್ಣದ ಜಾಡು. ಸ್ಥಳೀಯ ಬಸವನ ಹುಳುಗಳ ಜೊತೆಗೆ ಪೂರ್ವ ಆಫ್ರಿಕಾ ಮೂಲದ ದೈತ್ಯ ಬಸವನ ಹುಳುವೂ ಈಗ ಸೇರಿಕೊಂಡಿದೆ. ಶನಿವಾರಸಂತೆ ಕಡೆಯ ಬೆಳೆಗಾರರಿಗೆ ಅದರ ಕಾಟ ಚೆನ್ನಾಗಿ ಗೊತ್ತು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಹರಡಿಡಿ. ಬೆಳಕು ಹರಿಯುವಾಗ ಚೀಲ ಎತ್ತಿ, ಕೈಗವಸು ಹಾಕಿಕೊಂಡು ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯನ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಹುಳು ಅವುಗಳಲ್ಲಿ ಇರಬಹುದು. ಪಾತಿಗೇ ಉಪ್ಪು ಎರಚಿದರೆ ಮಣ್ಣು ಕೆಡುತ್ತದೆ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ಇರುವ ಮನೆಯವರು ತರದಿರುವುದು ಮೇಲು, ಅದನ್ನು ತಿಂದ ನಾಯಿ ಬದುಕುವುದು ಕಷ್ಟ.

ಶಿಲೀಂಧ್ರ ರೋಗಗಳಲ್ಲಿ ಎರಡು ಬಗೆ ತಿಳಿದಿರಲಿ. ಅಡಿಕೆಯ ಕೊಳೆರೋಗ, ಕರಿಮೆಣಸಿನ ಶೀಘ್ರ ಸೊರಗು ರೋಗದಂಥವಕ್ಕೆ ಒದ್ದೆ ಬೇಕು. ಅವಕ್ಕೆ ಶೇ 1ರ ಬೋರ್ಡೋ ದ್ರಾವಣ ಹಳೆಯ ಮದ್ದು. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು (ಪಾತಿಗೆ ಹಾಕುವ ಕೃಷಿ ಸುಣ್ಣವಲ್ಲ) ಇನ್ನೊಂದು 5 ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳಲ್ಲೇ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಅದೇ ದಿನ ಸಿಂಪಡಿಸಿ ಮುಗಿಸಬೇಕು. ಇದು ರೋಗ ಬಾರದಂತೆ ತಡೆಯುತ್ತದೆ, ಬಂದದ್ದನ್ನು ವಾಸಿ ಮಾಡುವುದಿಲ್ಲ.

ಇನ್ನೊಂದು ಬೂದಿ ರೋಗ. ಒಣ ಹಗಲು, ತಣ್ಣನೆಯ ರಾತ್ರಿ ಶುರುವಾದ ನವೆಂಬರ್‌ನಲ್ಲಿ ಗುಲಾಬಿ, ಬಟಾಣಿ, ಕುಂಬಳದ ಎಲೆ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಮಳೆ ಹೋಯಿತು, ರೋಗವೂ ಹೋಯಿತು ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ, ಇದು ಮೊಳೆಯಲು ಎಲೆ ಒದ್ದೆಯಾಗಲೇಬೇಕೆಂದಿಲ್ಲ. ಗಿಡಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟು, ಹತ್ತಿದ ಎಲೆಗಳನ್ನು ಮೊದಲಲ್ಲೇ ಕಿತ್ತರೆ ಹತೋಟಿಯಲ್ಲಿರುತ್ತದೆ.

ಹೂಗಿಡಗಳಿಗೆ ರಾತ್ರಿಯ ಲೆಕ್ಕ

ಗುಲಾಬಿ ಸವರಲು ಅಕ್ಟೋಬರ್ ಸರಿಯಾದ ಸಮಯ. ಮಳೆಯಲ್ಲಿ ಸವರಿದರೆ ಗಾಯದ ಮೂಲಕ ಕೊಳೆ ಇಳಿಯುತ್ತದೆ. ಹೊರಮುಖದ ಮೊಗ್ಗಿನ ಮೇಲೆ ಓರೆಯಾಗಿ ಕತ್ತರಿಸಿದರೆ ಆರೇಳು ವಾರಕ್ಕೆ, ಹುತ್ತರಿಯ ಆಸುಪಾಸಿಗೆ, ಹೂ. ಡೇಲಿಯಾದ ಕಾಂಡ ಒಣಗಿದ ಮೇಲೆ ಗೆಡ್ಡೆ ಅಗೆದು ಒಣಮರಳಿನಲ್ಲಿ ಇಡಬಹುದು.

ಸೇವಂತಿಗೆ ಮತ್ತು ಚಳಿಗಾಲದಲ್ಲಿ ತುದಿಯೆಲೆ ಕೆಂಪಾಗುವ ಪಾಯಿನ್ಸೆಟಿಯಾ ನಡೆಯುವುದು ರಾತ್ರಿಯ ಉದ್ದ ನೋಡಿಕೊಂಡು. ನಮ್ಮಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ. ರಾತ್ರಿ ಉದ್ದವಾಗುತ್ತಿದ್ದಂತೆ ಅವು ಮೊಗ್ಗಿಗೆ ತೊಡಗುತ್ತವೆ. ಗೇಟಿನ ದೀಪ ಇಡೀ ರಾತ್ರಿ ಮೈಮೇಲೆ ಬೀಳುವ ಪಾಯಿನ್ಸೆಟಿಯಾ ಕ್ರಿಸ್‌ಮಸ್ ಬಂದರೂ ಹಸಿರಾಗಿಯೇ ನಿಂತಿದ್ದರೆ ಗೊಬ್ಬರದ ಅಂಗಡಿಗೆ ಓಡಬೇಕಿಲ್ಲ, ದೀಪ ಆರಿಸಿದರೆ ಆಯಿತು.

ಅಂಗಳದ ಪಾಚಿ, ಮರದಡಿಯ ತರಗೆಲೆ

ಕಾಫಿ, ಕರಿಮೆಣಸು ಒಣಗಿಸುವ ಕಣವಿದ್ದರೆ ಅರೇಬಿಕಾ ಕೊಯ್ಲಿಗೆ ಮೊದಲು, ನವೆಂಬರ್ ಒಳಗೆ, ಪಾಚಿ ತೆಗೆದಿರಬೇಕು. ಗಟ್ಟಿ ಬ್ರಷ್ ಮತ್ತು ನೀರು ಸಾಕು. ಬ್ಲೀಚಿಂಗ್ ಪೌಡರ್ ಬಳಸುವುದಾದರೆ ತೊಳೆದ ನೀರು ಗಿಡದ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ, ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಹುಟ್ಟುವ ಕ್ಲೋರಿನ್ ವಿಷಾನಿಲ.

ಕಳೆಯನ್ನು ಬೀಜ ಕಟ್ಟುವ ಮೊದಲೇ ಕೊಚ್ಚಿ ಅಲ್ಲೇ ಬಿಡಬಹುದು, ಬೀಜ ಬಲಿತದ್ದಾದರೆ ಹೊರಗೆ ಸಾಗಿಸಬೇಕು. ಉದುರಿದ ಎಲೆಗಳಲ್ಲಿ ಹಾಲುವಾಣದ್ದು ಬೇಗ ಕರಗುತ್ತದೆ, ದ್ವಿದಳ ಜಾತಿಯ ಮರವಾದ್ದರಿಂದ ಎಲೆಯಲ್ಲಿ ಸಾರಜನಕ ಹೆಚ್ಚು. ಸಿಲ್ವರ್ ಓಕ್ ಎಲೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹಾಲುವಾಣ ಗೊಬ್ಬರಗುಂಡಿಗೆ, ಸಿಲ್ವರ್ ಓಕ್ ಹೊದಿಕೆಗೆ ಎಂದು ಹಂಚಿಕೊಂಡರೆ ಎರಡೂ ಸದುಪಯೋಗ. ಗುಂಡಿ ನಾರುತ್ತಿದ್ದರೆ ಒಳಗೆ ಗಾಳಿಯಿಲ್ಲ. ಒಣ ತರಗೆಲೆ ಎರಡು ಮೂರು ಪಾಲು, ಹಸಿ ಸೊಪ್ಪು, ಅಡುಗೆಮನೆ ಕಸ ಒಂದು ಪಾಲು ಬೆರೆಸಿ ಒಮ್ಮೆ ತಿರುವಿಹಾಕಿ.

ಹೊದಿಕೆಯನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ಸೆಪ್ಟೆಂಬರ್‌ನಲ್ಲೇ ಹೊದಿಸಿದರೆ ಕೆಳಗಿನ ನೀರು ಆರುವುದಿಲ್ಲ, ಬಸವನ ಹುಳುವಿಗೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ. ನವೆಂಬರ್ ಮಧ್ಯದಲ್ಲಿ, ಮೇಲಿನ ಒಂದು ಅಂಗುಲ ಮಣ್ಣು ಒಣಗಿ ಕೆಳಗೆ ಇನ್ನೂ ಹಸಿ ಇರುವಾಗ, ಮೂರು ಅಂಗುಲ ದಪ್ಪಕ್ಕೆ ಹರಡಿ. ಕಾಂಡದ ಸುತ್ತ ಒಂದು ಹಿಡಿಯಷ್ಟು ಜಾಗ ಬಿಡಿ, ತಾಗಿಸಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಆಮೇಲೆ ನೀರು ಹಾಯಿಸುವ ಮುನ್ನ ಹೊದಿಕೆ ಸರಿಸಿ ಬೆರಳು ಊರಿ ನೋಡಿ, ಎರಡನೇ ಗಿಣ್ಣಿನವರೆಗೂ ಮಣ್ಣು ಒಣಗಿದ್ದರೆ ಮಾತ್ರ ಪೈಪ್ ತಿರುಗಿಸಿ.